ಸ್ಪೋರ್ಟ್ಸ್ ಸೆಡಾನ್‌ಗೆ ಹೊಸ ಟೈರು: ಮೊದಲು ಒದ್ದೆ ರಸ್ತೆ, ಆಮೇಲೆ ಹೆಸರು

(ಬೆಂಗಳೂರಿನಲ್ಲಿ ಕಾರು ಮಾಲೀಕರ ಸಭೆಯೊಂದರಲ್ಲಿ ಮಾಡಿದ ಭಾಷಣವನ್ನು ತುಸು ತಿದ್ದಿ ಬರಹಕ್ಕೆ ಇಳಿಸಿದ್ದೇನೆ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆಯಲು ಬಂದವರು ಒಂದು ಷರತ್ತು ಹಾಕಿದ್ದರು: "ಸಾರ್, ಸುತ್ತಿ ಬಳಸಿ ಹೇಳಬೇಡಿ, ಯಾವ ಕಂಪನಿಯ ಟೈರು ಹಾಕಿಸಬೇಕೋ ಅದನ್ನು ಹೇಳಿಬಿಡಿ, ಸಾಕು." ಹೇಳುತ್ತೇನೆ, ಆದರೆ ಕೊನೆಯಲ್ಲಿ. ಹೆಸರು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅರ್ಧ ಸಭೆ ಮೊಬೈಲಿನಲ್ಲಿ ಬೆಲೆ ಹುಡುಕಲು ಕುಳಿತುಬಿಡುತ್ತದೆ.

ಮಾತಿಗೆ ಒಂದು ಕಾರು ಬೇಕು. ಇಲ್ಲಿ ಹಲವರ ಬಳಿ ಇರುವ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಅನ್ನೇ ತೆಗೆದುಕೊಳ್ಳೋಣ. 2017ರಲ್ಲಿ ಬಂದ ಆರ್‌ಎಸ್ 230ಕ್ಕೆ ಹದಿನೇಳು ಇಂಚಿನ ಚಕ್ರ, ಅಳತೆ 225/45 ಆರ್17. 2020ರಲ್ಲಿ ಬಂದ ಆರ್‌ಎಸ್ 245ಕ್ಕೆ ಹದಿನೆಂಟು ಇಂಚು, 225/40 ಆರ್18. ಎರಡರಲ್ಲೂ ಎಂಜಿನ್ನಿನ ಶಕ್ತಿಯೆಲ್ಲ ಮುಂದಿನ ಎರಡು ಚಕ್ರಕ್ಕೇ ಹೋಗುತ್ತದೆ. ಬಿಎಂಡಬ್ಲ್ಯು 3 ಸರಣಿಯವರೂ ಬಂದಿದ್ದೀರಿ. ನಿಮ್ಮ ತಾಪತ್ರಯ ಬೇರೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಬ್ಬರು ಮೂವರು ಕುಳಿತ ಆಕ್ಟೇವಿಯಾದ ತೂಕ ಸುಮಾರು 1,600 ಕಿಲೋ ಎಂದುಕೊಳ್ಳಿ. ಸಮನಾಗಿ ಹಂಚಿದರೆ ಒಂದೊಂದು ಟೈರಿನ ಮೇಲೆ 400 ಕಿಲೋ. ಗಾಳಿಯ ಒತ್ತಡ 33 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 2.3 ಕಿಲೋ. ಭಾಗಿಸಿ ನೋಡಿ: ಒಂದು ಟೈರು ನೆಲಕ್ಕೆ ತಾಗುವ ಜಾಗ 170 ಚದರ ಸೆಂಟಿಮೀಟರಿನ ಆಸುಪಾಸು. ಬೆರಳು ಸಮೇತ ಬಿಚ್ಚಿ ಹಿಡಿದ ನಿಮ್ಮ ಅಂಗೈಯಷ್ಟು. ಸ್ಟೀರಿಂಗ್ ತಿರುಗಿಸುವುದು, ಬ್ರೇಕ್ ಒತ್ತುವುದು, 245 ಅಶ್ವಶಕ್ತಿಯನ್ನು ನೆಲಕ್ಕೆ ಇಳಿಸುವುದು, ಎಲ್ಲವೂ ಅಂಥ ನಾಲ್ಕು ಅಂಗೈ ಜಾಗದಲ್ಲಿ ನಡೆಯಬೇಕು. ಎಂಜಿನ್ ಟ್ಯೂನ್ ಮಾಡಿಸಲು ಲಕ್ಷ ಸುರಿಯುವ ಮಹನೀಯರು ಟೈರಿನ ಅಂಗಡಿಗೆ ಬಂದಾಗ ಎರಡು ಸಾವಿರಕ್ಕೆ ಚೌಕಾಸಿ ಮಾಡುವುದನ್ನು ನೋಡಿದ್ದೇನೆ. ಹಣ ಅವರದು, ನನಗೇನು? ಆದರೆ ಅವರ ಹಿಂದೆ ಮುಂದೆ ನಾವೂ ಅದೇ ರಸ್ತೆಯಲ್ಲಿ ಇರುತ್ತೇವಲ್ಲ.

ಒಣ ರಸ್ತೆಯಲ್ಲಿ ಈಗಿನ ಯಾವ ಒಳ್ಳೆಯ ಟೈರೂ ನಿಮ್ಮ ಕೈ ಬಿಡುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇದೆ, ಆದರೆ ಅದು ಗೊತ್ತಾಗಬೇಕಾದರೆ ರೇಸಿನ ಟ್ರ್ಯಾಕಿಗೆ ಹೋಗಬೇಕು. ಬಣ್ಣ ಬಯಲಾಗುವುದು ಒದ್ದೆ ರಸ್ತೆಯಲ್ಲಿ. ಶಾಲೆಯ ಭೌತಶಾಸ್ತ್ರದ ಲೆಕ್ಕವನ್ನೇ ಹಾಕೋಣ. ಬೆಂಗಳೂರು-ಮೈಸೂರು ಹೆದ್ದಾರಿಯ ವೇಗಮಿತಿ ಗಂಟೆಗೆ 100 ಕಿಲೋಮೀಟರ್. ಮಳೆಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ಅದೇ ವೇಗದಲ್ಲಿ ಬರುತ್ತಿವೆ. ಒಂದರ ಟೈರಿನ ಹಿಡಿತದ ಗುಣಾಂಕ 0.8, ಇನ್ನೊಂದರದು 0.6 ಎಂದು ಇಟ್ಟುಕೊಳ್ಳಿ. ಇಬ್ಬರೂ ಒಂದೇ ಕ್ಷಣದಲ್ಲಿ ಬ್ರೇಕ್ ಒತ್ತುತ್ತಾರೆ. ಮೊದಲ ಕಾರು ಸುಮಾರು 49 ಮೀಟರಿಗೆ ನಿಲ್ಲುತ್ತದೆ, ಎರಡನೆಯದಕ್ಕೆ ಸುಮಾರು 66 ಮೀಟರ್ ಬೇಕು. ಹದಿನಾರು ಹದಿನೇಳು ಮೀಟರ್ ತಾನೇ ಎನ್ನಬಹುದು. ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರಿನ ವೇಗ ಎಷ್ಟಿರುತ್ತದೆ ಗೊತ್ತೇ? ಗಂಟೆಗೆ 50 ಕಿಲೋಮೀಟರ್. ಮುಂದೆ ಲಾರಿಯೊಂದು ನಿಂತಿದ್ದರೆ ಒಬ್ಬರು ಬೆವರು ಒರೆಸಿಕೊಳ್ಳುತ್ತಾರೆ, ಇನ್ನೊಬ್ಬರು ಐವತ್ತರ ವೇಗದಲ್ಲಿ ಅದಕ್ಕೆ ಗುದ್ದುತ್ತಾರೆ.

ನಾನು ಇವತ್ತು ಹೇಳಬೇಕೆಂದಿರುವುದು ಬಹುಪಾಲು ಇಷ್ಟೇ. ನಮ್ಮಲ್ಲಿ ಟೈರು ಆರಿಸುವಾಗ ಒದ್ದೆ ರಸ್ತೆಯ ಹಿಡಿತಕ್ಕೆ ಮೊದಲ ಮಣೆ ಹಾಕಬೇಕು. ಎರಡನೆಯದು ಗುಂಡಿ ತಾಳುವ ಶಕ್ತಿ. ತಿರುವಿನಲ್ಲಿ ಸ್ಟೀರಿಂಗ್ ಎಷ್ಟು ಚುರುಕು, ಎಷ್ಟು ಸಾವಿರ ಕಿಲೋಮೀಟರ್ ಬಾಳಿಕೆ, ಎಷ್ಟು ಸದ್ದು ಎಂಬುದೆಲ್ಲ ಆಮೇಲಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಕಾರು ಇಳಿಸಿದವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ವಿಷಯದಲ್ಲಿ ಇನ್ನೂ ಒಂದು ಲೆಕ್ಕವಿದೆ. 1960ರ ದಶಕದಲ್ಲಿ ನಾಸಾದ ಎಂಜಿನಿಯರುಗಳು ನೀರು ನಿಂತ ರನ್‌ವೇಯ ಮೇಲೆ ವಿಮಾನದ ಟೈರು ಯಾವ ವೇಗದಲ್ಲಿ ನೆಲ ಬಿಟ್ಟು ನೀರಿನ ಮೇಲೆ ತೇಲತೊಡಗುತ್ತದೆ ಎಂದು ಪರೀಕ್ಷಿಸಿ ಒಂದು ಸರಳ ಸೂತ್ರ ಕೊಟ್ಟರು. ಗಾಳಿಯ ಒತ್ತಡದ ವರ್ಗಮೂಲ ಹೆಚ್ಚಿದಷ್ಟೂ ತೇಲುವ ವೇಗ ಹೆಚ್ಚುತ್ತದೆ. ಆ ಸೂತ್ರದ ಪ್ರಕಾರ 36 ಪಿಎಸ್‌ಐ ಇದ್ದರೆ ತೇಲುವ ವೇಗ ಗಂಟೆಗೆ ಸುಮಾರು 100 ಕಿಲೋಮೀಟರ್, 25 ಪಿಎಸ್‌ಐಗೆ ಇಳಿದರೆ 83. ಕಾರಿನ ಟೈರಿಗೆ ಇದು ಅಂದಾಜು ಮಾತ್ರ. ಚಡಿ ಆಳವಿದ್ದರೆ, ನೀರು ತೆಳುವಾಗಿದ್ದರೆ ಇನ್ನೂ ವೇಗದಲ್ಲಿ ಹೋಗಬಹುದು. ಚಡಿ ಸವೆದು ಬೋಳಾಗಿದ್ದರೆ ಮಾತ್ರ ಸೂತ್ರ ಸಾಕಷ್ಟು ನಿಜವಾಗುತ್ತದೆ. ಗಾಳಿ ಕಡಿಮೆಯಾದರೆ ಸವಾರಿ ಮೆತ್ತಗಿರುತ್ತದೆ ಎಂದು ಬೇಕೆಂದೇ ಕಡಿಮೆ ಇಡುವವರು ಇಲ್ಲಿ ಇದ್ದರೆ, ಮಳೆಗಾಲದಲ್ಲಾದರೂ ಆ ಚಾಳಿ ಬಿಡಿ.

ಹೊಸ ಟೈರಿನ ಚಡಿಯ ಆಳ ಏಳೆಂಟು ಮಿಲಿಮೀಟರ್. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್. ಚಡಿಯ ಒಳಗೆ ಅಡ್ಡಲಾಗಿ ಸಣ್ಣ ದಿಂಡುಗಳಿರುತ್ತವೆ. ಮೇಲ್ಮೈ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ 1.6 ಮುಟ್ಟಿತೆಂದು ಅರ್ಥ. ಅಲ್ಲಿಯವರೆಗೆ ಕಾಯಬೇಡಿ ಎಂಬುದು ನನ್ನ ಸಲಹೆ. ಮೂರು ಮಿಲಿಮೀಟರಿಗೆ ಬಂದಾಗ, ಅದರಲ್ಲೂ ಮೇ ತಿಂಗಳಲ್ಲಿ ಬಂದಾಗ, ಬದಲಾಯಿಸಿ. ಆಳ ನೋಡುವ ಪುಟ್ಟ ಮಾಪಕ ನೂರಿನ್ನೂರು ರೂಪಾಯಿಗೆ ಸಿಗುತ್ತದೆ.

ಈಗ ಮೇಜಿನ ಮೇಲೆ ಇಟ್ಟಿರುವ ಈ ಹಳೆಯ ಟೈರನ್ನು ನೋಡಿ. ಮುಂದಿನ ಸಾಲಿನವರು ಎದ್ದು ಬಂದು ಮುಟ್ಟಬಹುದು. ಚಡಿಯ ಮೇಲೆ ಅಡ್ಡಡ್ಡ ಕೈ ಆಡಿಸಿ. ಒಳಗಿನಿಂದ ಹೊರಕ್ಕೆ ಎಳೆದರೆ ನುಣ್ಣಗಿದೆ. ಹೊರಗಿನಿಂದ ಒಳಕ್ಕೆ ಎಳೆದರೆ? ತರಚುತ್ತದೆ. ರಬ್ಬರಿನ ಪ್ರತಿಯೊಂದು ಗಟ್ಟಿಯ ಒಂದು ಅಂಚು ಚೂಪಾಗಿದೆ, ಇನ್ನೊಂದು ಅಂಚು ಉರುಟಾಗಿದೆ. ಚಕ್ರ ನೇರ ಉರುಳದೆ ಓರೆಯಾಗಿ ಉಜ್ಜಿಕೊಂಡು ಓಡಿದೆ, ಅಂದರೆ ಅಲೈನ್‌ಮೆಂಟ್ ಕೆಟ್ಟಿತ್ತು. ಇದರ ಮಾಲೀಕರು "ಈ ಕಂಪನಿಯ ಟೈರು ಬೇಗ ಸವೆಯುತ್ತದೆ, ಸದ್ದು ಬೇರೆ" ಎಂದು ಬೈಯುತ್ತ ಬಿಚ್ಚಿಸಿದರು. ಅದೇ ಅಲೈನ್‌ಮೆಂಟಿನ ಮೇಲೆ ಹೊಸ ಟೈರು ಹಾಕಿಸಿದ್ದರೆ ಅದಕ್ಕೂ ಇದೇ ಗತಿಯಾಗುತ್ತಿತ್ತು. ಹಳೆಯ ಟೈರನ್ನು ಅಂಗಡಿಯವರಿಗೆ ಒಪ್ಪಿಸುವ ಮೊದಲು ನಾಲ್ಕರ ಮೇಲೂ ಕೈ ಆಡಿಸಿ ನೋಡಿ. ಒಳ ಅಂಚು ಮಾತ್ರ ಸವೆದಿದೆಯೇ? ಅಲೈನ್‌ಮೆಂಟೋ ಸಸ್ಪೆನ್ಷನ್ ಬುಷ್ಷೋ ಕೆಟ್ಟಿದೆ. ನಡು ಮಾತ್ರ ಸವೆದಿದೆಯೇ? ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದು ನಡು ಉಳಿದಿದೆಯೇ? ಗಾಳಿ ಕಡಿಮೆ ಇತ್ತು.

ಟೈರಿನ ಪಕ್ಕದ ಗೋಡೆಯ ಮೇಲಿನ ಬರಹವನ್ನು ಓದೋಣ. 225 ಎಂದರೆ ಮಿಲಿಮೀಟರಿನಲ್ಲಿ ಅಗಲ. 45 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 45, ಅಂದರೆ 101 ಮಿಲಿಮೀಟರ್. ಆರ್ ಎಂದರೆ ರೇಡಿಯಲ್, 17 ಎಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. ಇಷ್ಟು ಎಲ್ಲರಿಗೂ ಗೊತ್ತು. ಅದರ ಮುಂದೆ ಇರುವ 91ಡಬ್ಲ್ಯು ಎಂಬುದನ್ನು ಯಾರೂ ನೋಡುವುದಿಲ್ಲ. 91 ಎಂಬುದು ಭಾರದ ಸೂಚ್ಯಂಕ: ಒಂದು ಟೈರು 615 ಕಿಲೋ ಹೊರಬಲ್ಲದು. 94 ಇದ್ದರೆ 670 ಕಿಲೋ. ಹದಿನೆಂಟು ಇಂಚಿನ 225/40ರಲ್ಲಿ 88 ಮತ್ತು 92 ಎರಡೂ ಸಿಗುತ್ತವೆ. 88ಕ್ಕೆ 560 ಕಿಲೋ, 92ಕ್ಕೆ 630. ನಿಮ್ಮ ಕಾರಿಗೆ ಕಂಪನಿ ಕೊಟ್ಟದ್ದು 92 ಎಕ್ಸ್‌ಎಲ್ ಆಗಿದ್ದರೆ, ಅಂಗಡಿಯವರು 88 ತೋರಿಸಿ "ಅದೇ ಸೈಜು ಸಾರ್, ಬೆಲೆಯೂ ಕಡಿಮೆ" ಎಂದಾಗ ಒಪ್ಪಬೇಡಿ. ಎಕ್ಸ್‌ಎಲ್ ಟೈರಿನ ಮೈಕಟ್ಟು ಬೇರೆ, ಹೆಚ್ಚು ಗಾಳಿ, ಹೆಚ್ಚು ಭಾರ ತಾಳಲು ಕಟ್ಟಿದ್ದು.

ಕೊನೆಯ ಅಕ್ಷರ ವೇಗಕ್ಕೆ. ಎಚ್ ಎಂದರೆ 210, ವಿ ಎಂದರೆ 240, ಡಬ್ಲ್ಯು 270, ವೈ 300 ಕಿಲೋಮೀಟರ್. ನಾವು ಯಾರೂ ಆ ವೇಗದಲ್ಲಿ ಹೋಗುವುದಿಲ್ಲ, ಹೋಗಲೂ ಬಾರದು. ಹಾಗಿದ್ದರೆ ಆ ಅಕ್ಷರ ಏಕೆ ಬೇಕು ಎಂದು ಕೇಳುತ್ತಾರೆ. ವೇಗದ ಪರೀಕ್ಷೆ ಅಂದರೆ ನಿಜವಾಗಿ ಬಿಸಿಯ ಪರೀಕ್ಷೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯ ಮಧ್ಯಾಹ್ನ ಐದು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೇರಿಕೊಂಡು ಒಂದೇ ಸಮನೆ ಓಡುವ ಟೈರಿನ ಒಳಗೆ ಏರುವ ಬಿಸಿ ಕಡಿಮೆಯದೇನಲ್ಲ. ಕಾರಿನ ಕೈಪಿಡಿಯಲ್ಲಿ ಇರುವ ಅಕ್ಷರಕ್ಕಿಂತ ಕೆಳಗಿಳಿಯಬೇಡಿ. ಮೇಲೇರಬೇಕಾದ ಅಗತ್ಯವೂ ಇಲ್ಲ.

"ಹತ್ತೊಂಬತ್ತು ಇಂಚು ಹಾಕಿಸಿದರೆ ಕಾರು ಚೆಂದ ಕಾಣುವುದಿಲ್ಲವೇ?" ಎಂದು ಹಿಂದಿನ ಸಾಲಿನಿಂದ ಒಬ್ಬ ಯುವಕರು ಕೇಳಿದರು. ಚೆಂದ ಕಾಣುತ್ತದೆ, ನಿಂತಿರುವಾಗ. ಆರ್‌ಎಸ್ 245ರ 225/40 ಆರ್18 ಟೈರಿನ ಪಕ್ಕದ ಗೋಡೆಯ ಎತ್ತರ 90 ಮಿಲಿಮೀಟರ್. ಅದನ್ನು ತೆಗೆದು 235/35 ಆರ್19 ಹಾಕಿದರೆ ಉಳಿಯುವುದು 82. ಹೊಸಕೆರೆಹಳ್ಳಿಯ ಒಳರಸ್ತೆಯಲ್ಲಿ ನೀರು ತುಂಬಿದ ಗುಂಡಿಗೆ ಚಕ್ರ ಇಳಿದಾಗ ರಿಮ್ಮಿನ ಅಂಚಿಗೂ ಗುಂಡಿಯ ಅಂಚಿಗೂ ನಡುವೆ ಇರುವುದು ಅಷ್ಟೇ ರಬ್ಬರು. ಟೈರು ಚಪ್ಪಟೆಯಾಗಿ ಎರಡರ ನಡುವೆ ಸಿಕ್ಕಿಕೊಂಡರೆ ಗೋಡೆಯೊಳಗಿನ ದಾರಗಳು ಕಡಿಯುತ್ತವೆ. ಮರುದಿನ ಬೆಳಿಗ್ಗೆ ಪಕ್ಕದಲ್ಲಿ ಬೋರೆ ಎದ್ದಿರುತ್ತದೆ. ಬೋರೆಗೆ ರಿಪೇರಿ ಇಲ್ಲ. ಯಾವ ಪಂಕ್ಚರ್ ಅಂಗಡಿಯವರು "ಆಗುತ್ತೆ ಸಾರ್" ಎಂದರೂ ಆಗುವುದಿಲ್ಲ, ಆ ಟೈರು ಎಸೆಯಬೇಕು. ಜೊತೆಗೆ ರಿಮ್ಮು ಬಗ್ಗಿದ್ದರೆ ಅದರ ಖರ್ಚು ಬೇರೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ನನ್ನನ್ನು ಕೇಳಿದರೆ ಹೋಗಬೇಕಾದ ದಿಕ್ಕು ತಿರುಗುಮುರುಗು. ಹದಿನೆಂಟು ಇಂಚಿನ ಆರ್‌ಎಸ್ ಇಟ್ಟುಕೊಂಡು ದಿನವೂ ನಗರದೊಳಗೇ ಓಡಾಡುವವರು ಹದಿನೇಳಕ್ಕೆ ಇಳಿಯುವ ಬಗ್ಗೆ ಯೋಚಿಸಬಹುದು. 225/40 ಆರ್18ರ ಒಟ್ಟು ವ್ಯಾಸ 637 ಮಿಲಿಮೀಟರ್, 225/45 ಆರ್17ರದು 634. ವ್ಯತ್ಯಾಸ ಅರ್ಧ ಪರ್ಸೆಂಟೂ ಇಲ್ಲ. ಸ್ಪೀಡೋಮೀಟರಿಗೆ ಗೊತ್ತೂ ಆಗುವುದಿಲ್ಲ. ಆದರೆ ಪಕ್ಕದ ಗೋಡೆಗೆ ಹನ್ನೊಂದು ಮಿಲಿಮೀಟರ್ ಹೆಚ್ಚು ಸಿಕ್ಕಿತು, ಟೈರಿನ ಬೆಲೆಯೂ ಇಳಿಯಿತು. ಒಂದೇ ಎಚ್ಚರಿಕೆ: ರಿಮ್ಮು ಕೊಳ್ಳುವ ಮೊದಲು ಅದನ್ನು ಒಮ್ಮೆ ಚಕ್ರದ ಜಾಗಕ್ಕೆ ಕೂರಿಸಿ, ಬ್ರೇಕ್ ಕ್ಯಾಲಿಪರಿಗೆ, ಅಂದರೆ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗಕ್ಕೆ, ತಾಗದೆ ಸುಲಭವಾಗಿ ತಿರುಗುತ್ತದೆಯೇ ನೋಡಬೇಕು. ದೊಡ್ಡ ಬ್ರೇಕಿನ ಕಾರುಗಳಲ್ಲಿ ಎಲ್ಲ ಹದಿನೇಳು ಇಂಚಿನ ರಿಮ್ಮೂ ಕೂರುವುದಿಲ್ಲ.

ಹದಿನೇಳು ಇಂಚಿನಲ್ಲಿಯೇ ಇದ್ದು 225/45ರ ಬದಲು 225/50 ಹಾಕಿದರೆ ಗುಂಡಿಗೆ ಒಳ್ಳೆಯದಲ್ಲವೇ ಎಂದೂ ಕೇಳುತ್ತಾರೆ. ಅದರ ವ್ಯಾಸ 657 ಆಗುತ್ತದೆ, ಮೂರೂವರೆ ಪರ್ಸೆಂಟ್ ಹೆಚ್ಚು. ಗಿಯರ್ ಲೆಕ್ಕ, ಎಬಿಎಸ್ ಬ್ರೇಕ್, ಸ್ಪೀಡೋಮೀಟರ್ ಎಲ್ಲದರಲ್ಲೂ ಅದು ವ್ಯತ್ಯಾಸ ತರುತ್ತದೆ, ಪೂರ್ತಿ ತಿರುಗಿಸಿದಾಗ ಚಕ್ರದ ಕಮಾನಿಗೆ ಉಜ್ಜುವ ಸಾಧ್ಯತೆಯೂ ಇದೆ. ವಿಮೆಯವರು ಅಪಘಾತದ ದಿನ ಅಳತೆ ನೋಡಿ ತಕರಾರು ತೆಗೆದರೆ ಉತ್ತರ ಹೇಳುವವರು ನೀವೇ. ನಾನು ಹಾಗೆ ಮಾಡಲು ಹೇಳುವುದಿಲ್ಲ.

ಇನ್ನು ಬಿಎಂಡಬ್ಲ್ಯು ಮಾಲೀಕರ ಕಡೆಗೆ. ನಿಮ್ಮಲ್ಲಿ ಬಹಳ ಮಂದಿಯ ಕಾರು ರನ್‌ಫ್ಲ್ಯಾಟ್ ಟೈರಿನ ಮೇಲೆ ಬಂದಿದೆ. ಗಾಳಿಯೆಲ್ಲ ಹೋದರೂ ಗಂಟೆಗೆ 80 ಕಿಲೋಮೀಟರ್ ಮೀರದಂತೆ ಸುಮಾರು 80 ಕಿಲೋಮೀಟರ್ ದೂರ ಓಡಿಸಬಹುದು ಎಂಬುದು ಅದರ ಭರವಸೆ. ಒಬ್ಬೊಬ್ಬ ತಯಾರಕರು ಒಂದೊಂದು ಗುರುತು ಹಾಕುತ್ತಾರೆ: ಬ್ರಿಜ್‌ಸ್ಟೋನ್ ಆರ್‌ಎಫ್‌ಟಿ, ಮಿಶೆಲಿನ್ ಜಡ್‌ಪಿ, ಕಾಂಟಿನೆಂಟಲ್ ಎಸ್‌ಎಸ್‌ಆರ್. ಗಾಳಿಯಿಲ್ಲದೆಯೂ ಕಾರನ್ನು ಹೊರಬೇಕಾದ್ದರಿಂದ ಪಕ್ಕದ ಗೋಡೆ ದಪ್ಪ ಮತ್ತು ಬಿಗಿ. ಆ ಬಿಗಿಯೇ ನಮ್ಮ ರಸ್ತೆಯಲ್ಲಿ ಸೊಂಟಕ್ಕೆ ಬಂದು ಬಡಿಯುತ್ತದೆ. ಬೆಲೆಯೂ ಸಾಮಾನ್ಯ ಟೈರಿಗಿಂತ ಹೆಚ್ಚು. ಪೂರ್ತಿ ಗಾಳಿ ಇಲ್ಲದೆ ಓಡಿದ ರನ್‌ಫ್ಲ್ಯಾಟನ್ನು ಸಾಮಾನ್ಯವಾಗಿ ಮತ್ತೆ ಬಳಸುವುದಿಲ್ಲ, ಒಳಗಿನ ಗೋಡೆ ಸುಟ್ಟು ಪುಡಿಯಾಗಿರಬಹುದು.

ಹಾಗಾಗಿ ಬದಲಾವಣೆಯ ಹೊತ್ತಿಗೆ ಸಾಮಾನ್ಯ ಟೈರಿಗೆ ಬರುವವರು ಬಹಳ. ನಾನೂ ಬಹುತೇಕ ಅದನ್ನೇ ಹೇಳುತ್ತೇನೆ, ಸವಾರಿಯೇ ಬೇರೆಯಾಗುತ್ತದೆ. ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ ಎಂಬುದನ್ನು ಮರೆಯಬಾರದು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಬೇಕಿಲ್ಲ ಎಂದು 2020ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿಯಾಗಿದೆ. ಕಾನೂನಿನ ತೊಡಕು ಇಲ್ಲ ಎಂದಿಟ್ಟುಕೊಳ್ಳೋಣ. ರಾತ್ರಿ ಹನ್ನೊಂದಕ್ಕೆ ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಪಕ್ಕದ ಗೋಡೆ ಹರಿದರೆ ಕಿಟ್ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ಅದು ಚಡಿಯ ಭಾಗದಲ್ಲಿ ಮೊಳೆ ಚುಚ್ಚಿದ್ದಕ್ಕೆ ಮಾತ್ರ. ಮಂಗಳೂರು, ಉಡುಪಿ ಕಡೆ ಆಗಾಗ ರಾತ್ರಿ ಪಯಣ ಮಾಡುವವರು, ಒಂಟಿಯಾಗಿ ಓಡಿಸುವವರು ರನ್‌ಫ್ಲ್ಯಾಟಿನಲ್ಲಿಯೇ ಉಳಿಯುವುದು ವಾಸಿ. ಅಥವಾ ಸಾಮಾನ್ಯ ಟೈರು ಹಾಕಿಸಿ ತೆಳು ಸ್ಟೆಪ್ನಿಯೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು. ಅರ್ಧ ಡಿಕ್ಕಿ ಅದಕ್ಕೇ ಹೋಗುತ್ತದೆ, ಗೊತ್ತು. ಎರಡು ರನ್‌ಫ್ಲ್ಯಾಟ್, ಎರಡು ಸಾಮಾನ್ಯ ಎಂಬ ಬೆರಕೆ ಮಾತ್ರ ಬೇಡ. ಗೋಡೆಯ ಬಿಗಿ ಮುಂದೊಂದು ಹಿಂದೊಂದು ಆದರೆ ತಿರುವಿನಲ್ಲಿ ಕಾರು ಹೇಗೆ ವರ್ತಿಸುತ್ತದೆ ಎಂದು ಊಹಿಸುವುದು ಕಷ್ಟ.

ಟೈರಿನ ಮೇಲೆ ನಕ್ಷತ್ರದ ಗುರುತು ಇದ್ದರೆ ಅದು ಬಿಎಂಡಬ್ಲ್ಯು ಒಪ್ಪಿದ ಟೈರು. ಎಂಒ ಎಂದಿದ್ದರೆ ಮರ್ಸಿಡಿಸ್, ಎಒ ಎಂದಿದ್ದರೆ ಆಡಿ. ಗುರುತು ಇಲ್ಲದ ಟೈರು ಹಾಕಿದರೆ ಕಾರು ಕೆಡುವುದಿಲ್ಲ. ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಕಾರಾಗಿದ್ದರೆ ನಾಲ್ಕೂ ಒಂದೇ ಮಾದರಿ, ಒಂದೇ ಮಟ್ಟದ ಸವೆತ ಇರುವಂತೆ ನೋಡಿಕೊಳ್ಳಿ, ಅಷ್ಟು ಮುಖ್ಯ.

ಒಬ್ಬರು ಮೇಡಂ ಕೇಳಿದರು: "ನನಗೆ ಸದ್ಯಕ್ಕೆ ಎರಡು ಟೈರಿಗೆ ಮಾತ್ರ ದುಡ್ಡು ಇದೆ. ಮುಂದಿನ ಚಕ್ರವೇ ತಾನೇ ಎಳೆಯುವುದು, ಹೊಸದನ್ನು ಮುಂದೆ ಹಾಕಿಸಲೇ?" ಬೇಡ ಮೇಡಂ. ಹೊಸ ಎರಡು ಹಿಂದೆ ಹೋಗಲಿ, ಹಿಂದಿನ ಅರೆಸವೆದ ಎರಡು ಮುಂದೆ ಬರಲಿ. ಟೈರು ಕಂಪನಿಗಳೂ ಇದನ್ನೇ ಹೇಳುತ್ತವೆ. ಮಳೆಯಲ್ಲಿ ಮುಂದಿನ ಟೈರು ಜಾರಿದರೆ ಸ್ಟೀರಿಂಗ್ ಹಗುರವಾಗುತ್ತದೆ, ಕಾರು ನೇರಕ್ಕೆ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರಿನ ಬಾಲ ಹೊರಕ್ಕೆ ಬೀಸುತ್ತದೆ. ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಕಾರು ಸುತ್ತುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಚಾಲಕರು ಸಾವಿರಕ್ಕೆ ಒಬ್ಬರು ಸಿಕ್ಕಾರು. ಅಂಗಡಿಯವರು "ಎಲ್ಲರೂ ಮುಂದೆಯೇ ಹಾಕಿಸುತ್ತಾರೆ" ಎಂದರೆ ಹಾಗೆಯೇ ಇರಲಿ, ನೀವು ಹಿಂದೆ ಹಾಕಿಸಿ.

ಟೈರು ಯಾವಾಗ ತಯಾರಾಯಿತು ಎಂದು ನೋಡದೆ ಹಣ ಕೊಡಬೇಡಿ. ಪಕ್ಕದ ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರ. ಕೆಲವು ಟೈರುಗಳಲ್ಲಿ ಈ ಅಂಕಿ ಒಂದೇ ಬದಿಗೆ ಇರುತ್ತದೆ, ಆದ್ದರಿಂದ ರಿಮ್ಮಿಗೆ ಹಾಕುವ ಮೊದಲೇ ನೋಡಬೇಕು. ನಮ್ಮಲ್ಲಿ ಇದಕ್ಕೊಂದು ಹಿನ್ನೆಲೆಯೂ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ತರಿಸಬೇಕಾದರೆ ಪರವಾನಗಿ ಬೇಕು. ಜೊತೆಗೆ ಐಎಸ್‌ಐ ಗುರುತು ಕಡ್ಡಾಯ. ಸಣ್ಣ ಕಾರಿನ ಟೈರು ಇಲ್ಲೇ ಬೇಕಾದಷ್ಟು ತಯಾರಾಗುತ್ತದೆ. ನಮ್ಮ ಮೈಸೂರಿನ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಜೆಕೆ ಟೈರ್ ಕೈಗೆ ಹೋಯಿತು, ಈಗಲೂ ಅಲ್ಲಿ ಟೈರು ತಯಾರಾಗುತ್ತಲೇ ಇದೆ. ಆದರೆ ಹದಿನೆಂಟು ಹತ್ತೊಂಬತ್ತು ಇಂಚಿನ ವೇಗದ ಟೈರುಗಳಲ್ಲಿ ಹಲವು ಹೊರಗಿನಿಂದ ಬರಬೇಕಿತ್ತು. ಮಾಲು ಅಪರೂಪವಾದಾಗ ಗೋದಾಮಿನ ಮೂಲೆಯಲ್ಲಿ ಉಳಿದದ್ದಕ್ಕೂ ಬೆಲೆ ಬರುತ್ತದೆ. ಒಂದು ಅಂಗಡಿಯಲ್ಲಿ ನನಗೆ ಮೂರು ವರ್ಷ ದಾಟಿದ ಟೈರನ್ನು ಹೊಳೆಯುವಂತೆ ಒರೆಸಿ ಮುಂದಿಟ್ಟು "ಹೊಸದೇ ಸಾರ್, ರಸ್ತೆಯನ್ನೇ ಕಂಡಿಲ್ಲ" ಎಂದರು. ರಸ್ತೆ ಕಾಣದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ, ಬಿಸಿ, ಬೆಳಕು ಅದನ್ನು ಗಟ್ಟಿಯಾಗಿಸುತ್ತವೆ. ಗಟ್ಟಿ ರಬ್ಬರಿಗೆ ಮೊದಲು ಹೋಗುವುದು ಒದ್ದೆ ರಸ್ತೆಯ ಹಿಡಿತವೇ. ಒಂದು ವರ್ಷದೊಳಗಿನದು ಸಿಕ್ಕರೆ ಒಳ್ಳೆಯದು, ನೆರಳಿನಲ್ಲಿ ಇಟ್ಟದ್ದಾದರೆ ಎರಡು ವರ್ಷದವರೆಗೆ ನನ್ನ ಅಭ್ಯಂತರವಿಲ್ಲ. ಕಡಿಮೆ ಓಡಿಸುವವರಿಗೆ ಇನ್ನೊಂದು ಮಾತು: ಐದು ವರ್ಷ ದಾಟಿದ ಟೈರನ್ನು ಚಡಿ ಎಷ್ಟೇ ಇದ್ದರೂ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಹತ್ತು ವರ್ಷವಾದರೆ ತೆಗೆದೇ ಬಿಡಿ.

ಒದ್ದೆ ಹಿಡಿತವನ್ನು ಅಂಗಡಿಯಲ್ಲಿ ನಿಂತು ಹೇಗೆ ತಿಳಿಯುವುದು? ಯುರೋಪಿಗೆಂದು ತಯಾರಾದ ಟೈರಿನ ಮೇಲೆ ಅಂಟಿಸಿದ ಚೀಟಿ ಇರುತ್ತದೆ. ಅದರಲ್ಲಿ ಇಂಧನ ಉಳಿತಾಯಕ್ಕೆ ಒಂದು ದರ್ಜೆ, ಒದ್ದೆ ಹಿಡಿತಕ್ಕೆ ಒಂದು ದರ್ಜೆ, ಹೊರಗಿನ ಸದ್ದಿಗೆ ಡೆಸಿಬೆಲ್. 2021ರಿಂದ ದರ್ಜೆಗಳು ಎ ಇಂದ ಇ ವರೆಗೆ. ಮಳೆಮೋಡದ ಚಿತ್ರದ ಪಕ್ಕದಲ್ಲಿ ಎ ಅಥವಾ ಬಿ ಇರಲಿ. ನಮ್ಮಲ್ಲೂ ಉರುಳುವ ಪ್ರತಿರೋಧ, ಒದ್ದೆ ಹಿಡಿತ, ಸದ್ದು ಮೂರಕ್ಕೂ ಎಐಎಸ್-142 ಎಂಬ ಮಾನದಂಡವನ್ನು 2022ರಲ್ಲಿ ಅಧಿಸೂಚನೆ ಹೊರಡಿಸಿ ತಂದಿದ್ದಾರೆ. ಅದು ಕನಿಷ್ಠ ಮಟ್ಟ ಹೇಳುತ್ತದೆ, ಯಾವುದು ಮೇಲು ಎಂದು ಹೇಳುವುದಿಲ್ಲ. ಅಮೆರಿಕದ ಪದ್ಧತಿಯ ಟ್ರೆಡ್‌ವೇರ್ ಎಂಬ ಸಂಖ್ಯೆಯೂ ಗೋಡೆಯ ಮೇಲೆ ಇರುತ್ತದೆ, 300, 400 ಹೀಗೆ. ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು ಎಂದು ಅರ್ಥ. ಅದನ್ನು ತಯಾರಕರೇ ಕೊಟ್ಟುಕೊಳ್ಳುವುದರಿಂದ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಮಾತ್ರ ನಂಬಬಹುದು. ಬಾಳಿಕೆ, ಹಿಡಿತ, ಮೈಲೇಜು ಮೂರನ್ನೂ ಒಟ್ಟಿಗೆ ಕೊಡುವುದು ಕಷ್ಟ. 1990ರ ದಶಕದಲ್ಲಿ ರಬ್ಬರಿಗೆ ಬೆರೆಸುವ ಕಾರ್ಬನ್ ಕಪ್ಪಿನ ಬಹುಪಾಲನ್ನು ತೆಗೆದು ಸಿಲಿಕಾ ಬೆರೆಸಲು ಶುರುಮಾಡಿದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ "ಲಕ್ಷ ಕಿಲೋಮೀಟರ್ ಬರುತ್ತದೆ" ಎಂದು ಹೊಗಳಿಸಿಕೊಳ್ಳುವ ಟೈರನ್ನು ಆರ್‌ಎಸ್‌ಗೆ ಹಾಕಲು ನಾನು ಹಿಂಜರಿಯುತ್ತೇನೆ.

ಸರಿ, ಹೆಸರುಗಳು. ಒದ್ದೆ ಒಣ ಎರಡರಲ್ಲೂ ಬಿಗಿ ಹಿಡಿತ, ಸ್ಟೀರಿಂಗಿಗೆ ಚುರುಕು ಬೇಕು ಎನ್ನುವವರು ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್, ಕಾಂಟಿನೆಂಟಲ್ ಮ್ಯಾಕ್ಸ್‌ಕಾಂಟ್ಯಾಕ್ಟ್ ಎಂಸಿ6 ಸಾಲಿನಲ್ಲಿ ನೋಡಬಹುದು. ಅಪೊಲೊ ಕಂಪನಿ 2009ರಲ್ಲಿ ಕೊಂಡ ನೆದರ್‌ಲ್ಯಾಂಡ್ಸ್‌ನ ವ್ರೆಡೆಸ್ಟೈನ್ ಹೆಸರಿನಲ್ಲಿ ಇಲ್ಲಿ ಮಾರುವ ಅಲ್ಟ್ರಾಕ್ ವೋರ್ಟಿ ಕೂಡ ಇದೇ ಸಾಲಿನದು. ಮೇಲಿನವು ಸಿಗದಿದ್ದಾಗ ಅದನ್ನು ಮೂಗು ಮುರಿಯದೆ ಪರಿಗಣಿಸಿ. ಮೆತ್ತನೆಯ ಸವಾರಿ, ಕಡಿಮೆ ಸದ್ದು ಬೇಕಾದವರಿಗೆ ಮಿಶೆಲಿನ್ ಪ್ರೈಮಸಿ, ಬ್ರಿಜ್‌ಸ್ಟೋನ್ ಟುರಾಂಜಾ, ಯೊಕೊಹಾಮಾ ಅಡ್ವಾನ್ ಡಿಬಿ. ಸ್ಪೋರ್ಟ್ಸ್ ಕಾರಿಗೆ ಕಂಫರ್ಟ್ ಟೈರು ಹಾಕಿದರೆ ಅವಮಾನ ಎಂಬಂತೆ ಮಾತಾಡುತ್ತಾರೆ. ಬೆಂಗಳೂರಿನ ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಯಲ್ಲಿ ಅರ್ಧ ಸವೆದ ಸ್ಪೋರ್ಟ್ಸ್ ಟೈರಿನ ಗುಂಯ್ ಸದ್ದನ್ನು ದಿನಕ್ಕೆ ಎರಡು ಗಂಟೆ ಕೇಳುವವರು ಅವರಲ್ಲ. ವಾರವೆಲ್ಲ ಹೊರವರ್ತುಲ ರಸ್ತೆಯಲ್ಲಿ ತೆವಳುವ ಕಾರಿಗೆ ಒದ್ದೆ ಹಿಡಿತ ಚೆನ್ನಾಗಿರುವ ಕಂಫರ್ಟ್ ಟೈರು ಪೂರಾ ಸಾಕು. ವಾರಾಂತ್ಯಕ್ಕೆ ಚಿಕ್ಕಮಗಳೂರು, ಕೊಡಗಿನ ತಿರುವುಗಳನ್ನು ಆಸೆಪಟ್ಟು ಏರುವವರು ಮೊದಲ ಸಾಲಿಗೆ ಹೋಗಿ.

ಹಾಕಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಅಸಿಮೆಟ್ರಿಕ್ ಟೈರಿನಲ್ಲಿ, ಅಂದರೆ ಒಳಬದಿಯ ಚಡಿ ಒಂದು ಬಗೆ, ಹೊರಬದಿಯದು ಇನ್ನೊಂದು ಬಗೆ ಇರುವ ಟೈರಿನಲ್ಲಿ, ಔಟ್‌ಸೈಡ್ ಎಂದು ಬರೆದ ಬದಿ ಹೊರಗೆ ಬರಬೇಕು. ಬಾಣದ ಗುರುತಿರುವ ಟೈರು ಬಾಣದ ದಿಕ್ಕಿಗೇ ತಿರುಗಬೇಕು. ಬೋಲ್ಟುಗಳನ್ನು ಗಾಳಿಯ ಗನ್ನಿನಿಂದ ಕೊನೆಯವರೆಗೆ ಬಿಗಿಸಲು ಬಿಡಬೇಡಿ, ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ವ್ರೆಂಚ್ ತರಿಸಿ. ಆಕ್ಟೇವಿಯಾಗೆ 120 ನ್ಯೂಟನ್ ಮೀಟರ್. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ ಮುಗಿಸಿ. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಬೇಕು. ಬಿಸಿ ಐದಾರು ಡಿಗ್ರಿ ಏರಿದಂತೆಲ್ಲ ಒಂದು ಪಿಎಸ್‌ಐ ಏರುತ್ತದೆ. ಎಷ್ಟು ಇರಬೇಕೆಂಬ ಚೀಟಿ ಸ್ಕೋಡಾದಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ, ಬಿಎಂಡಬ್ಲ್ಯುನಲ್ಲಿ ಚಾಲಕನ ಬಾಗಿಲ ಕಂಬದ ಮೇಲೆ. ನೈಟ್ರೋಜನ್ ಬೇಕೇ ಎಂದು ಯಾರೋ ಕೈ ಎತ್ತಿದರು. ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಪುಕ್ಕಟೆ ಕೊಟ್ಟರೆ ಹಾಕಿಸಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರು ಪದಾರ್ಥ ಮೇಲ್ಮೈಯಿಂದ ಸವೆದುಹೋಗಬೇಕು.

ಪಂಕ್ಚರ್ ಆದರೆ ಹೊರಗಿನಿಂದ ಚುಚ್ಚಿ ತೂರಿಸುವ ರಬ್ಬರ್ ಹಗ್ಗ ದಾರಿಮಧ್ಯದ ಆಪತ್ತಿಗೆ ಸರಿ. ವೇಗದ ಕಾರಿಗೆ ಆಮೇಲೆ ಟೈರು ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ. ಪಕ್ಕದ ಗೋಡೆಯ ತೂತಿಗೆ ಯಾವ ರಿಪೇರಿಯೂ ಬೇಡ.

ಕೊನೆಯ ಪ್ರಶ್ನೆ ಬೆಲೆಯದು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. "ಬಿಲ್ಲಿಲ್ಲದೆ ಕೊಂಡರೆ ಇನ್ನೂ ಕಡಿಮೆಗೆ ಕೊಡುತ್ತೇನೆ" ಎನ್ನುವವರು ಇಂದಿಗೂ ಇದ್ದಾರೆ. ಬಿಲ್ಲು ತೆಗೆದುಕೊಳ್ಳಿ, ಅದರಲ್ಲಿ ನಾಲ್ಕೂ ಟೈರುಗಳ ಡಿಒಟಿ ಅಂಕಿಯನ್ನು ಬರೆಸಿಕೊಳ್ಳಿ. ತಯಾರಿಕೆಯ ದೋಷವೆಂದು ವಾರಂಟಿ ಕೇಳಲು ಹೋದಾಗ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.